ಮೊದಲ ಸ್ಟ್ರಿಪ್ ಕೊಟ್ಟವರು

ತಮ್ಮಾ,

ಅಮಲಿನ ನೋವುಮಾತ್ರೆ ತಿಂದು ಯಾರಾದರೂ ಸತ್ತರೆ ಕೊಟ್ಟವರಿಗೆ ಹತ್ತು ವರ್ಷ ಜೈಲು ಎಂಬ ಕಾನೂನು ನಿನ್ನೆ ವಿಧಾನಸಭೆಯಲ್ಲಿ ಪಾಸಾಯಿತು. ಅದೇ ಮಾತ್ರೆಯಿಂದ ನೀನು ಹೋಗಿ ವರ್ಷವಾಯಿತು.

ಇವತ್ತು ನಿನ್ನ ಗೆಳೆಯ ಮೆಕ್ಯಾನಿಕ್ ನನ್ನ ಔಷಧಿ ಅಂಗಡಿಗೆ ಬಂದ. ನಿನಗೆ ಮಾತ್ರೆ ತಂದುಕೊಡುತ್ತಿದ್ದವನು ಅವನೇ ಎಂದು ನನಗೆ ಮೊದಲಿಂದಲೂ ಗುಮಾನಿ.

“ಅಕ್ಕಾ, ಹಳೇ ಸಾವಿಗೂ ಈ ಕಾನೂನು ಬರುತ್ತಾ?” ಎಂದು ಕೇಳಿದ.

“ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೋ ಹೆಗಲು ಮುಟ್ಟಿ ನೋಡ್ಕೋತೀಯ?” ಎಂದೆ.

ಅವನು ತಲೆ ತಗ್ಗಿಸಿದ. “ನನಗಲ್ಲ, ನಿಮಗೋಸ್ಕರ ಕೇಳ್ದೆ. ಬೆನ್ನುನೋವು ಅಂದಾಗ ಡಾಕ್ಟರ್ ಚೀಟಿ ಇಲ್ದೆ ಮೊದಲ ಸ್ಟ್ರಿಪ್ ಕೊಟ್ಟಿದ್ದು ಅಕ್ಕಾನೇ ಅಂತ ನಿಮ್ಮ ತಮ್ಮ ಹೇಳಿದ್ದ. ನಾನು ಯಾರಿಗೂ ಹೇಳಿಲ್ಲ.”

ಯಾರಿಗೂ ಹೇಳಿಲ್ಲ ಎಂಬ ಅವನ ಮಾತನ್ನು ನಂಬುವುದೋ ಬೇಡವೋ ತಿಳಿಯುತ್ತಿಲ್ಲ. ನಾನು ಆ ಸ್ಟ್ರಿಪ್ ಕೊಟ್ಟದ್ದನ್ನು ಅವನಿಗೆ ಹೇಳುವಾಗ ನಿನಗೆ ನನ್ನ ಮೇಲೆ ಸಿಟ್ಟಿತ್ತೇನೋ?