ಗಿಟಾರಿನ ಪಾಲು

ನ್ಯಾಮತಿ,
ಹೊನ್ನಾಳಿ ತಾಲ್ಲೂಕು
೨೪-೧೧-೧೯೮೫

ಪ್ರೀತಿಯ ಖಮರುನ್ನೀಸಾ,

ನಿನ್ನ ಕಾಗದ ದಸರೆಗೆ ಮುಂಚೆಯೇ ಬಂದಿತ್ತು. ಉತ್ತರ ಈಗ ಬರೆಯುತ್ತಿದ್ದೇನೆ, ಎಷ್ಟು ಬೇಕಾದರೂ ಬೈದುಕೋ. ಮಗಳು ಬಿಸ್ಮಿಲ್ಲಾ ಅಂಬೆಗಾಲಿಟ್ಟು ಹೊಸ್ತಿಲು ದಾಟಿದಳೆಂದು ಓದಿ ಖುಷಿಯಾಯಿತು. ನಿಮ್ಮ ಮನೆಯವರು ಸುಬಾನಸಾಬರ ಸೈಕಲ್ ಷಾಪು ಜಗಳೂರು ಬಸ್ ಸ್ಟ್ಯಾಂಡಿನ ಹತ್ತಿರಕ್ಕೇ ಬಂದದ್ದು ಒಳ್ಳೆಯದಾಯಿತು. ಇಲ್ಲಿ ಎಲ್ಲರೂ ಆರಾಮ ಎಂದು ಬರೆಯುವುದು ವಾಡಿಕೆ. ಯಾರ ಮೈಗೂ ಏನೂ ಆಗಿಲ್ಲ. ನನ್ನ ಕೋಪ ಮಾತ್ರ ಇಳಿದಿಲ್ಲ. ಅದು ಇಳಿಯಲಿ, ಆಮೇಲೆ ಬರೆಯೋಣ ಎಂದು ಕಾದೆ. ಅದು ಇಳಿಯುವ ಜಾತಿಯದಲ್ಲ ಎಂದು ಈಗ ತಿಳಿಯಿತು.

ನಮ್ಮ ಆರ್ಕೆಸ್ಟ್ರಾ ಭಾಗವಾಯಿತು.

ಈ ಕಾಗದವನ್ನು ನಿಮ್ಮ ಮನೆಯವರಿಗೂ ಓದಿ ಹೇಳು. ಅದಕ್ಕಾಗಿ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಜಗಳೂರಿನ ಕಾರ್ಯಕ್ರಮ ಮುಗಿದ ಮೇಲೆ ಸುಬಾನಸಾಬರು ನನ್ನ ತಮ್ಮ ಮುರುಗೇಶಿಯ ಕೈ ಕುಲುಕಿ, "ಏನ್ ಬೇಸ್ ಹೊಡೀತೀರಿ ಗುರುಗಳೇ, ಎದೆ ನಡುಗ್ತು" ಎಂದಿದ್ದರು. ಅವರ ಎದೆ ನಡುಗಿಸಿದವಳು ನಾನು. ಮುರುಗೇಶಿಗೆ ಬೇಸ್ ಗಿಟಾರು ಬರುವುದಿಲ್ಲ. ನಿನ್ನ ಮದುವೆಯಾದ ಮೇಲೂ ಈ ವಿಷಯ ಗಂಡನಿಗೆ ಹೇಳಬೇಡ ಎಂದು ನಮ್ಮ ಅಪ್ಪಾಜಿ ನಿನ್ನಿಂದ ಮಾತು ತೆಗೆದುಕೊಂಡಿದ್ದರಲ್ಲ, ಆ ಮಾತಿನಿಂದ ಇವತ್ತು ನಿನ್ನನ್ನು ನಾನು ಬಿಡಿಸಿದ್ದೇನೆ.

ಅಪ್ಪಾಜಿ ಭದ್ರಾವತಿಯಲ್ಲಿ ನೌಕರಿಯಲ್ಲಿದ್ದಾಗ ಪಕ್ಕದ ಮನೆಯಲ್ಲಿ ಲಾರೆನ್ಸ್ ಮೇಷ್ಟ್ರು ಇದ್ದರು. ಹಿಂದೆ ಕೋಲಾರದ ಚಿನ್ನದ ಗಣಿಯ ಕ್ಲಬ್ಬಿನಲ್ಲಿ ನುಡಿಸುತ್ತಿದ್ದವರು. ಅವರ ಹತ್ತಿರ ವಿದೇಶದ ಹಳೆಯ, ತಗ್ಗು ದನಿಯ ಬೇಸ್ ಗಿಟಾರು ಇತ್ತು. ನಾವು ಮೂವರೂ ಅವರಲ್ಲಿ ಕಲಿಯಲು ಹೋದೆವು. ಮಹೇಶಣ್ಣನಿಗೆ ಬೇಸರವಾಯಿತು, ಮುರುಗೇಶಿಗೆ ಬೆರಳು ನೋಯಿತು. ನಾನು ಉಳಿದೆ. ಮೇಷ್ಟ್ರು ಊರು ಬಿಡುವಾಗ ಗಿಟಾರನ್ನು ನನ್ನ ಕೈಗೆ ಕೊಟ್ಟರು. ಅಪ್ಪಾಜಿ ಕೈಗಲ್ಲ, ಅಣ್ಣನ ಕೈಗಲ್ಲ.

ನ್ಯಾಮತಿಗೆ ಬಂದು ಆರ್ಕೆಸ್ಟ್ರಾ ಕಟ್ಟಿದಾಗ ಅಪ್ಪಾಜಿ ಒಂದು ಏರ್ಪಾಡು ಮಾಡಿದರು. "ಹಾಡೋ ಹುಡುಗೀರನ್ನ ಜನ ಒಪ್ತಾರೆ. ಹುಡುಗಿ ಗಿಟಾರ್ ನೇತಾಕ್ಕೊಂಡು ನಿಂತ್ರೆ ನಾಳೆ ಗಂಡು ಯಾವನು ಬರ್ತಾನೆ?" ಎಂದರು. ನಿಮ್ಮ ಅಬ್ಬಾ ಬುಡನ್‌ಸಾಬರಿಗೆ ಹೇಳಿ, ರಟ್ಟಿನಲ್ಲಿ ಅಳತೆ ತೆಗೆಸಿ, ಹಲಸಿನ ಮರದಲ್ಲಿ ಅದರ ತದ್ರೂಪು ಮಾಡಿಸಿದರು. ಬಣ್ಣ ಅದೇ, ತಂತಿ ನಾಲ್ಕೂ ಇತ್ತು, ಒಳಗೆ ವೈರು ಇರಲಿಲ್ಲ, ಸದ್ದು ಬರುತ್ತಿರಲಿಲ್ಲ. ಅದನ್ನು ಹಾಕಿಕೊಂಡು ಮುರುಗೇಶಿ ಮುಂದೆ ನಿಂತು ಬೆರಳಾಡಿಸಿದ. ಹಿಂದಿನ ಪರದೆಯ ಆಚೆ ಸ್ಟೂಲಿನ ಮೇಲೆ ಕೂತು ಮೇಷ್ಟ್ರ ಗಿಟಾರನ್ನು ನಾನು ನುಡಿಸಿದೆ. ನಿನ್ನ ಮದುವೆಯಾಗುವವರೆಗೂ ಪಕ್ಕದಲ್ಲಿ ನೀನು ಟಾರ್ಚು ಹಿಡಿದು, ಮುಂದಿನ ಹಾಡು ಯಾವುದೆಂದು ಕಿವಿಯಲ್ಲಿ ಹೇಳುತ್ತಿದ್ದೆ. ಎಂಟು ವರ್ಷ ಹೀಗೇ ನಡೆಯಿತು. ನನ್ನನ್ನು ನೋಡಲು ಬಂದ ಗಂಡುಗಳು ಹೇಗೂ ಒಪ್ಪಲಿಲ್ಲ. ಅದು ಬೇರೆ ಮಾತು.

ಈಗ ವಿಷಯಕ್ಕೆ ಬರುತ್ತೇನೆ. ಮುರುಗೇಶಿಗೆ ಹೆಸರು ಬಂದಿದೆ. ಚನ್ನಗಿರಿಯಲ್ಲಿ ಬೇರೆ ಆರ್ಕೆಸ್ಟ್ರಾ ಮಾಡುತ್ತೇನೆ ಎಂದ. ಮಹೇಶಣ್ಣ ಸಿಟ್ಟಾದ, ಆಮೇಲೆ ಒಪ್ಪಿದ. ಪಂಚಾಯ್ತಿಗೆ ನಮ್ಮ ಬೀದಿಯ ಹಿರಿಯರು ತಿಪ್ಪೇರುದ್ರಸ್ವಾಮಿಗಳು ಬಂದರು. ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಜಮೀನಿಗೆ, ಎತ್ತಿಗೆ ನಡೆಯುವ ಪದ್ಧತಿಯೇ ಆರ್ಕೆಸ್ಟ್ರಾಕ್ಕೂ ನಡೆಯಿತು. ಪಡಸಾಲೆಯಲ್ಲಿ ಮಹೇಶಣ್ಣ ಎರಡು ಗುಂಪು ಮಾಡಿದ. ಆ ಕಡೆ ಡ್ರಮ್ ಸೆಟ್ಟು, ಈ ಕಡೆ ಕೀಬೋರ್ಡು. ಆ ಕಡೆ ದೊಡ್ಡ ಸ್ಪೀಕರು, ಈ ಕಡೆ ಆಂಪ್ಲಿಫೈಯರು. ಮೇಷ್ಟ್ರ ಗಿಟಾರು ಒಂದು ಗುಂಪಿಗೆ, ನಿಮ್ಮ ಅಬ್ಬಾ ಮಾಡಿದ್ದು ಇನ್ನೊಂದಕ್ಕೆ. ನಾನು ಕಾಫಿ ತಂದವಳು ಲೋಟದ ತಟ್ಟೆ ಹಿಡಿದು ನಿಂತೇ ಇದ್ದೆ. ಆ ಗಿಟಾರು ಯಾರದೆಂದು ಒಬ್ಬರಾದರೂ ಕೇಳುತ್ತಾರೆ ಎಂದುಕೊಂಡಿದ್ದೆ. ಕೇಳಲಿಲ್ಲ.

ಮುರುಗೇಶಿ ಹಲಸಿನ ಗಿಟಾರಿದ್ದ ಗುಂಪನ್ನು ಆರಿಸಿದ. ಮಹೇಶಣ್ಣನಿಗೆ ನಗು ತಡೆಯಲಾಗಲಿಲ್ಲ. "ಒರಿಜಿನಲ್ ಬಿಟ್ಟು ಡೂಪ್ಲಿಕೇಟ್ ತಗೊಂಡ್ಯಲ್ಲೋ ಪೆದ್ದ!"

"ಜನ ನೋಡಿರೋದು ಇದನ್ನ. ಫೋಟೋದಾಗೆ ಇರೋದು ಇದು. ವೈರ್ ಹಾಕ್ಸಿದ್ರೆ ಆತು. ಅಕ್ಕ ಯಾವುದು ಕೊಟ್ರೂ ನುಡಿಸ್ತಾಳೆ."

"ಅಕ್ಕ ನಿನ್ ಜೊತೆ ಯಾಕ್ ಬರ್ತಾಳೆ? ಗಾಡಿ ಯಾರ ಪಾಲಿಗೋ ಎತ್ತೂ ಅವರ ಪಾಲಿಗೆ. ಅವಳು ನುಡಿಸೋ ಗಿಟಾರ್ ನನ್ ಕಡೆ ಐತೆ."

ಖಮರ್, ಆಗ ಗೊತ್ತಾಯಿತು. ನನಗೆ ಪಾಲಿಲ್ಲ ಎಂದುಕೊಂಡಿದ್ದೆ. ಪಾಲು ಮಾಡಿದ ಸಾಮಾನಿನಲ್ಲಿ ನಾನೇ ಒಂದಾಗಿದ್ದೆ! ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕೆ ಕುಕ್ಕಿದೆ. "ಎತ್ತು ಅಂದ್ಯಲ್ಲಣ್ಣ, ಎತ್ತನ್ನಾದ್ರೂ ಗಾಡಿ ಮುಂದೆ ಕಟ್ತಾರೆ, ಹಿಂದೆ ಕಟ್ಟಲ್ಲ" ಎಂದೆ. ಸ್ವಾಮಿಗಳು ಗಲ್ಲ ತುರಿಸಿಕೊಂಡು, "ಹೆಣ್ಮಗಳು ಖಾರ ಐತಲ್ಲಪ್ಪ ಬಸವರಾಜಪ್ಪ" ಎಂದು ಅಪ್ಪಾಜಿ ಕಡೆ ನೋಡಿದರು. ಅಪ್ಪಾಜಿ ತಲೆ ಎತ್ತದೆ ಹೇಳಿದರು: "ಅದೆಲ್ಲ ಈಗ್ಯಾಕೆ ರುದ್ರಿ? ನಿನಗೇ ಬಿಟ್ಟೀವಿ. ಹಳೇದು ಬೇಕೋ, ಹೊಸದು ಬೇಕೋ? ಸೋಮವಾರದೊಳಗೆ ಆರಿಸ್ಕೊ."

ಹಳೆಯದೋ ಹೊಸದೋ. ಸೀರೆ ಅಂಗಡಿಯಲ್ಲಿ ಕೇಳಿದ ಹಾಗೆ.

ಮುರುಗೇಶಿ ಹೊನ್ನಾಳಿಯ ರೇಡಿಯೋ ರಿಪೇರಿಯವರಿಂದ ವೈರು ಹಾಕಿಸಿ ತಂದು ನನ್ನ ಮುಂದಿಟ್ಟ. ನ್ಯಾಯವಾಗಿ ನೋಡಬೇಕಲ್ಲ ಎಂದು ಒಂದು ಮಧ್ಯಾಹ್ನ ಎರಡನ್ನೂ ನುಡಿಸಿದೆ. ನಿಮ್ಮ ಅಬ್ಬಾನ ಕೆಲಸಕ್ಕೆ ಹೆಸರಿಡುವಂತಿಲ್ಲ. ಹಗುರ, ಕುತ್ತಿಗೆ ನೆಟ್ಟಗಿದೆ, ಸ್ವರ ಅದರ ಮೇಲಿನ ಎಲ್ಲ ಮನೆಯಲ್ಲೂ ಸಮನಾಗಿ ಬರುತ್ತದೆ. ಮೇಷ್ಟ್ರ ಗಿಟಾರು ಭುಜ ಕೀಳುತ್ತದೆ. ತಂತಿ ಬಿಗಿಯುವ ಒಂದು ಬಿರಡೆ ನಿಲ್ಲುವುದಿಲ್ಲ, ಕರೆಂಟು ಏರಿಳಿದರೆ ಗುಂಯ್ ಎನ್ನುತ್ತದೆ. ಸವಳಂಗದ ರಸ್ತೆಯಲ್ಲಿ ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಹೋಗಲು ಯಾವುದು ವಾಸಿ ಎಂದು ಕೇಳಿದರೆ, ಹಲಸಿನದೇ ಎಂದು ಯಾವ ಕೋರ್ಟಿನಲ್ಲಾದರೂ ಹೇಳುತ್ತೇನೆ. ಆದರೆ ಎಲ್ಲಕ್ಕಿಂತ ದಪ್ಪ ತಂತಿ ಮೀಟಿದಾಗ ಹಳೆಯದರ ದನಿ ಹೊಟ್ಟೆಯಲ್ಲಿ ಕೂರುತ್ತದೆ, ಹೊಸದರದ್ದು ಕಿವಿಯಲ್ಲೇ ಮುಗಿಯುತ್ತದೆ. ವ್ಯತ್ಯಾಸ ಇಷ್ಟೇ.

ಸೋಮವಾರ ಇಬ್ಬರನ್ನೂ ಕೂರಿಸಿ ಕೇಳಿದೆ. "ಗಿಟಾರ್ ಇರ್ಲಿ. ಮುಂದೆ ನಿಂತು ನುಡಿಸಾಕೆ ಯಾರು ಬಿಡ್ತೀರಿ? ಅವರ ಜೊತೆ ಬರ್ತೀನಿ. ಹಲಸಿನದು ಕೊಟ್ರೂ ಸೈ."

ಮಹೇಶಣ್ಣ ತುಂಬ ಹೊತ್ತು ಯೋಚಿಸಿ, "ಪರದೆ ತೆಳ್ಳಂದು ಹಾಕಿಸ್ತೀನಿ" ಎಂದ. ನಗಬೇಡ, ನಿಜವಾಗಿ ಹಾಗೆಯೇ ಹೇಳಿದ. ಮುರುಗೇಶಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದ: "ಅಕ್ಕಾ, ನೀನು ಮುಂದೆ ಬಂದ್ರೆ ನಾನು ಏನು ಹಿಡ್ಕೊಂಡು ನಿಂತ್ಕೊಳ್ಲಿ?"

"ಕೈ ಕಟ್ಕೊಂಡು ನಿಂತ್ಕೊ. ಎಂಟು ವರ್ಷ ಮಾಡಿದ್ದೂ ಅದನ್ನೇ ಅಲ್ವಾ?" ಎಂದೆ. ಅಮ್ಮ ಸಿದ್ದಲಿಂಗಮ್ಮ ಅಡುಗೆಮನೆಯಿಂದ ಓಡಿ ಬಂದು, "ಒಡಹುಟ್ಟಿದೋನಿಗೆ ಹಿಂಗೆಲ್ಲ ಅನ್ನಬಾರದು ಕಣೇ" ಎಂದಳು. ಒಡಹುಟ್ಟಿದವಳಿಗೆ ಏನೆಲ್ಲ ಮಾಡಬಹುದು ಎಂದು ಅವಳನ್ನು ಕೇಳಲಿಲ್ಲ. ಮೇಷ್ಟ್ರ ಗಿಟಾರನ್ನು ಮಹೇಶಣ್ಣನ ಗುಂಪಿನಿಂದ ತೆಗೆದು ನನ್ನ ಕೋಣೆಗೆ ಒಯ್ದೆ. ಇದು ಆರಿಸಿಕೊಂಡದ್ದಲ್ಲ, ನನ್ನದನ್ನು ನಾನು ತೆಗೆದುಕೊಂಡದ್ದು ಎಂದು ಹೇಳಿಯೇ ಒಯ್ದೆ. ಯಾರೂ ತಡೆಯಲಿಲ್ಲ. ತಡೆದಿದ್ದರೆ ಜಗಳವಾದರೂ ಆಗುತ್ತಿತ್ತು. "ಎರಡು ದಿನ ಸಿಟ್ಟು, ಆಮೇಲೆ ತಾನೇ ಬರ್ತಾಳೆ" ಎಂದು ಮಹೇಶಣ್ಣ ಬಾಗಿಲ ಆಚೆ ಹೇಳಿದ್ದು ಕೇಳಿಸಿತು.

ನಾನು ಹೋಗಲಿಲ್ಲ. ಮೊನ್ನೆ ಚನ್ನಗಿರಿಯಲ್ಲಿ ಮುರುಗೇಶಿಯ ಮೊದಲ ಕಾರ್ಯಕ್ರಮ ಬೇಸ್ ಇಲ್ಲದೆ ನಡೆಯಿತು. ಅವನ ಕತ್ತಿನಲ್ಲಿ ಗಿಟಾರು ಇತ್ತಂತೆ, ಕೈಯೂ ಆಡುತ್ತಿತ್ತಂತೆ. ಸ್ಪೀಕರು ಸರಿಯಿಲ್ಲ ಎಂದು ಜನ ಮಾತಾಡಿಕೊಂಡರಂತೆ.

ಜಗಳೂರಿನ ಹೆಣ್ಣುಮಕ್ಕಳ ಶಾಲೆಯ ವಾರ್ಷಿಕೋತ್ಸವಕ್ಕೆ ಹಾರ್ಮೋನಿಯಂ ನುಡಿಸುವವರು ಬೇಕು ಎಂದು ನೀನು ಬರೆದಿದ್ದೆ. ನನಗೆ ಹಾರ್ಮೋನಿಯಂ ಬರುವುದಿಲ್ಲ, ಬೇಸ್ ಗಿಟಾರು ಬರುತ್ತದೆ ಎಂದು ಹೆಡ್ ಮೇಡಂ ಅವರಿಗೆ ಹೇಳು. ನಕ್ಕರೆ ನಗಲಿ. ಒಪ್ಪಿದರೆ ಬಸ್ಸು ಹತ್ತುತ್ತೇನೆ. ಪರದೆ ಕಟ್ಟಬಾರದು, ಅದೊಂದೇ ನನ್ನ ಷರತ್ತು. ಸುಬಾನಸಾಬರು ಮುಂದಿನ ಸಾಲಿನಲ್ಲಿ ಕೂರಲಿ.

ನಿನ್ನ ಮನೆ ತುಂಬಿರಲಿ. ಬಿಸ್ಮಿಲ್ಲಾಳ ಎರಡೂ ಕೆನ್ನೆಗೆ ನನ್ನ ಮುತ್ತು. ಅವಳು ಏನನ್ನೇ ಕಲಿಯಲಿ, ಅವಳ ಹೆಸರಿನಲ್ಲೇ ಕಲಿಯಲಿ ಎಂದು ಹರಸುತ್ತೇನೆ. ಅಬ್ಬಾನಿಗೆ ನನ್ನ ಸಲಾಮು ತಿಳಿಸು. ಅವರ ಮೇಲೆ ನನಗೆ ಕೋಪ ಏನೂ ಇಲ್ಲ.

ಇಂತಿ ನಿನ್ನ,
ರುದ್ರಾಣಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನಿನ್ನೆ ಸಂಜೆ ಮನೆಯಲ್ಲಿ ಯಾರೂ ಇರಲಿಲ್ಲ. ಮುರುಗೇಶಿ ಚನ್ನಗಿರಿಯಿಂದ ವಾಪಸು ಬಂದೇ ಇಲ್ಲ. ಪಡಸಾಲೆಯಲ್ಲಿ ಕೂತು ಜೋರಾಗಿ ನುಡಿಸುತ್ತಿದ್ದೆ. ಹೊರಗಿನಿಂದ ಬಂದ ಅಪ್ಪಾಜಿ ಕಟ್ಟೆಯ ಮೇಲೆ ಚಪ್ಪಲಿ ಬಿಡುತ್ತಾ, ತುಂಬ ಪ್ರೀತಿಯಿಂದ ಕೂಗಿದರು: "ಯಾವಾಗ್ ಬಂದ್ಯೋ ಮುರುಗೇಶಿ? ಇವತ್ತು ಕೈ ಭಾಳ ಚೆಂದ ಓಡ್ತಾ ಐತಲ್ಲೋ ಮಗನೇ!" ಪರದೆ ಹಾಕಿಸಿದವರೇ ಅವರು, ಖಮರ್. ಒಳಗೆ ಬಂದು ನನ್ನನ್ನು ನೋಡಿದರು. "ಓ, ನೀನಾ" ಎಂದು ಕಾಲು ತೊಳೆಯಲು ಬಚ್ಚಲಿಗೆ ಹೋದರು.