ತೊಳೆಯದ ಗಾಣ

ಹೆನ್ಶೀರ್ ಸಬ್ರಾ, ಸ್ಫಾಕ್ಸ್ ಹತ್ತಿರ
ಡಿಸೆಂಬರ್ ೧೯, ಶುಕ್ರವಾರ

ಪ್ರೀತಿಯ ವಜ್ದಿ ಅಣ್ಣಾ,

ಮೊದಲು ನಿನ್ನ ಕೆಮ್ಮು ಹೇಗಿದೆ, ಅದನ್ನು ಹೇಳು. ಮರಳುಗಾಡಿನ ರಾತ್ರಿ ಚಳಿಗೆ ಆ ತೆಳು ಕಂಬಳಿ ಸಾಲದೆಂದು ಅಮ್ಮ ದಿನಕ್ಕೊಮ್ಮೆ ಸೈನ್ಯವನ್ನೇ ಬೈಯುತ್ತಾಳೆ. ನಿಮ್ಮ ಠಾಣೆಯಲ್ಲಿ ಫೋನು ಬಿಡದಿರುವುದು ನನಗೊಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ನಡುವೆ ಬಾಯಿ ಹಾಕದೆ ನೀನು ನನ್ನ ಮಾತು ಪೂರ್ತಿ ಕೇಳಿಸಿಕೊಳ್ಳುವುದು ಹೀಗೆ ಮಾತ್ರ ಸಾಧ್ಯ. ಅಪ್ಪನ ಬೆನ್ನುನೋವು ಹಾಗೇ ಇದೆ. ಆಲಿವ್ ಕೊಯ್ಲು ಮುಗಿಯಿತು, ಫಸಲು ಚೆನ್ನಾಗಿತ್ತು. ಈಗ ಎದ್ದು ಕೂತು ಓದು: ನಾವು ಗೆದ್ದೆವು!

ನಮ್ಮ ಪರಿಸರ ವಿಜ್ಞಾನದ ಎಂ.ಎಸ್ಸಿ.ಯಲ್ಲಿ ಕೊನೆಯ ವರ್ಷ ತಂಡ ಕಟ್ಟಿಕೊಂಡು ಯಾವುದಾದರೂ ಕಾರ್ಖಾನೆಯ ನಿಜವಾದ ತೊಂದರೆಯೊಂದನ್ನು ಬಿಡಿಸಬೇಕು ಎಂದು ಹೇಳಿದ್ದೆನಲ್ಲ. ಪಾಠ ಮಾಡುವ ರಫೀಕಾ ಮೇಡಂ ಮೊದಲ ದಿನವೇ ಖಡಾಖಂಡಿತ ಹೇಳಿದರು: "ಅಂಕ ನಾನು ಕೊಡ್ತೀನಿ, ಆದ್ರೆ ಕಾರ್ಖಾನೆಯವ್ರು ಉಪಯೋಗ ಆಯ್ತು ಅಂತ ಒಪ್ಪಿದ್ಮೇಲೆ." ನನ್ನ ತಂಡದಲ್ಲಿ ಸ್ಫಾಕ್ಸ್ ಪೇಟೆಯ ಹುಡುಗಿ ಓಲ್ಫಾ, ಗಾಬೆಸ್‌ನ ಸೈಫ್. ನಮಗೆ ಸಿಕ್ಕಿದ ಕಾರ್ಖಾನೆ ಬೇರಾವುದೂ ಅಲ್ಲ, ನಮ್ಮೂರಿನ ಸಿ ಮೊಂಗಿಯವರ ಎಣ್ಣೆ ಗಾಣ! ಅದರ ಹಿಂದೆ, ಕಾಯಿ ಅರೆದಾಗ ಬರುವ ಕಪ್ಪು ನೀರು ತುಂಬುವ ಹೊಂಡ ಹೋದ ವರ್ಷ ಉಕ್ಕಿ ರಸ್ತೆಗೂ ಪಕ್ಕದ ಬಾವಿಗೂ ಹರಿದದ್ದು ನಿನಗೆ ಗೊತ್ತು. ಈ ಸಲ ಒಂದು ತೊಟ್ಟು ಹೊರಬಂದರೂ ಬೀಗ ಜಡಿಯುತ್ತೇವೆ ಎಂದು ಸರ್ಕಾರದವರು ಹೇಳಿ ಹೋಗಿದ್ದರು. ಗಾಣ ಮುಚ್ಚಿದರೆ ಊರಿನವರೆಲ್ಲ ಪೇಟೆಯ ದೊಡ್ಡ ಕಾರ್ಖಾನೆಗೆ ಹೋಗಿ, ನೂರಾರು ಜನರ ಕಾಯಿಯ ಜೊತೆ ತಮ್ಮದನ್ನೂ ಸುರಿದು, ಯಾರದೋ ಎಣ್ಣೆ ತುಂಬಿಸಿಕೊಂಡು ಬರಬೇಕು. ಅದಕ್ಕಿಂತ ಎಣ್ಣೆಯನ್ನೇ ಬಿಟ್ಟು ಬೆಣ್ಣೆ ತಿಂದೇವು ಎನ್ನುವ ಜನ ನಾವು.

ನಾವು ಮರಳು, ಜೇಡಿ, ಇದ್ದಿಲು ತುಂಬಿದ ಪೀಪಾಯಿಗಳ ಸಾಲು ಮಾಡಿ ಕಪ್ಪು ನೀರನ್ನು ಸೋಸುವ ಏರ್ಪಾಡು ಕಟ್ಟಿದೆವು. ಕಾಲೇಜಿನಲ್ಲಿ ಅದು ಹಾಲು ಕರೆದಷ್ಟು ಸಲೀಸಾಗಿ ನಡೆಯಿತು. ಗಾಣದಲ್ಲಿ ಮೊದಲ ದಿನವೇ ಕಟ್ಟಿಕೊಂಡು, ಉಕ್ಕಿ, ಸಿ ಮೊಂಗಿಯವರ ಹೊಸ ಬೂಟಿನ ಮೇಲೆಲ್ಲ ಹರಿಯಿತು. "ಮಗಳೇ, ನಂಗೆ ಒಂದು ಹೊಂಡ ಇತ್ತು. ನೀವು ಬಂದು ಎರಡು ಮಾಡಿದ್ರಿ," ಎಂದರು ಪುಣ್ಯಾತ್ಮ. ಕಾಯಿಯ ತೂಕದ ಮೇಲೆ ಸೈಫ್ ಹಾಕಿದ ಲೆಕ್ಕಕ್ಕೂ ಬರುತ್ತಿದ್ದ ನೀರಿಗೂ ತಾಳಮೇಳವೇ ಇರಲಿಲ್ಲ. ಅವನು ಕೊಳವೆ ಸೋರುತ್ತಿದೆಯೆಂದು ನೆಲವೆಲ್ಲ ತೆವಳಿದ. ಓಲ್ಫಾ ಮಾತ್ರ ಒಂದು ಮೂಲೆಯಲ್ಲಿ ನಿಂತು ನೋಡಿ ನೋಡಿ ಕೇಳಿದಳು: "ಒಬ್ಬೊಬ್ರ ಕಾಯಿ ಆದ್ಮೇಲೂ ಯಂತ್ರಕ್ಕೆ ಅಷ್ಟೊಂದು ಬಿಸಿನೀರು ಯಾಕೆ ಬಿಡ್ತಾರೆ?" ನಾನು ನಕ್ಕುಬಿಟ್ಟೆ. "ಇನ್ನೇನು, ಇನ್ನೊಬ್ರು ಉಂಡ ತಟ್ಟೇಲಿ ನೀನು ಉಣ್ತೀಯಾ?" ಎಂದೆ. ಹಾಗೆಂದ ಮೇಲೆ ನನ್ನ ನಗು ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಹಿಂದಿನ ದಿನ ನಾನೇ ಕೆಲಸದವನಿಗೆ ಚೆನ್ನಾಗಿ ತೊಳೆ ಎಂದು ಹೇಳಿದ್ದೆ, ಆದರೂ ಅದೇ ನೀರು ಹೊಂಡಕ್ಕೆ ಹೋಗುತ್ತದೆಂದು ಹೊಳೆದಿರಲಿಲ್ಲ. ಹೊಂಡದ ಅರ್ಧಕ್ಕಿಂತ ಹೆಚ್ಚು ಆಲಿವ್ ನೀರಲ್ಲ ಅಣ್ಣಾ, ಪಕ್ಕದ ಮನೆಯವರ ಮೇಲಿನ ಅಪನಂಬಿಕೆ.

ಉಪಾಯ ಸುಲಭ. ಒಬ್ಬರ ಮನೆಯಲ್ಲಿ ಒಬ್ಬರು ಊಟ ಮಾಡುವವರು ಒಬ್ಬರ ಹಿಂದೊಬ್ಬರು ಸರದಿ ಹಿಡಿದರೆ ನಡುವೆ ತೊಳೆಯುವುದೇ ಬೇಡ. ದಿನದ ಕೊನೆಗೆ ಒಮ್ಮೆ ತೊಳೆದರೆ ಸಾಕು. ಜನರನ್ನು ಒಪ್ಪಿಸುವುದು ಮಾತ್ರ ಕಬ್ಬಿಣದ ಕಡಲೆ. ಮೂವರೂ ಮನೆಮನೆ ಅಲೆದೆವು. ಕುಡಿದ ಚಹಾಕ್ಕೆ ನನ್ನ ನಿದ್ದೆಯೇ ಹಾರಿಹೋಯಿತು. ಇಂಥವರು ಇಂಥವರ ಜೊತೆ ಮಾತು ಬಿಟ್ಟಿದ್ದಾರೆ, ಯಾಕೆ ಬಿಟ್ಟರು, ಅವರ ಅಜ್ಜ ಯಾರ ಕತ್ತೆ ಕದ್ದ, ಎಲ್ಲವನ್ನೂ ಸೈಫ್ ಬಣ್ಣಬಣ್ಣದ ನಕ್ಷೆ ಮಾಡಿ ಗೋಡೆಗೆ ಅಂಟಿಸಿದ. ಮುದುಕ ಅಮ್ಮಾರ್ ಕಾಕಾ ಅದನ್ನು ನೋಡಿ, "ಓದ್ತಿರೋದು ಪರಿಸರಾನೋ, ಮದುವೆ ದಲ್ಲಾಳಿ ಕೆಲ್ಸಾನೋ?" ಎಂದು ಕಿಚಾಯಿಸಿದ. ಆದರೆ ಹೋದಲ್ಲೆಲ್ಲ ಕೊನೆಗೆ ಒಂದೇ ಮಾತು: "ಮೊದ್ಲು ನಿಮ್ಮಮ್ಮನೂ ನಿಮ್ಮತ್ತೆನೂ ತೊಳೀದೆ ಆಡಿಸ್ಲಿ. ಆಮೇಲೆ ನಮ್ಮನೆಗೆ ಬಾ."

ಹೋದ ವರ್ಷ ಮಬ್ರೂಕಾ ಅತ್ತೆಯ ಸರದಿ ಮುಗಿದ ಕೂಡಲೇ ಅಮ್ಮ ಎಲ್ಲರಿಗೂ ಕೇಳುವಂತೆ, "ಎರಡು ಸಲ ತೊಳೀರಿ" ಎಂದದ್ದು, ಮರುದಿನವೇ ಅತ್ತೆ ತಮ್ಮ ಮಗಳು ನಜ್ಲಾಳಿಗೆ ನೀನು ತೊಡಿಸಿದ್ದ ಉಂಗುರವನ್ನು ಹಿಂದಕ್ಕೆ ಕಳಿಸಿದ್ದು, ನೀನು ಯಾರಿಗೂ ಏನೂ ಹೇಳದೆ ಸೈನ್ಯಕ್ಕೆ ಹೆಸರು ಕೊಟ್ಟು ಹೊರಟದ್ದು, ಇದೆಲ್ಲ ಊರಿಗೇ ಗೊತ್ತು. ಅಮ್ಮನ ಮುಂದೆ ವಿಷಯ ಎತ್ತಿದೆ. "ಗಾಣ ಮುಚ್ಚಿದ್ರೆ ಮುಚ್ಲಿ, ಅವಳ ಎಣ್ಣೆ ನನ್ನ ಎಣ್ಣೆಗೆ ಸೋಕಬಾರ್ದು," ಎಂದಳು. ಅತ್ತೆಯ ಹತ್ತಿರ ಹೋದೆ. ಅವರು ಆ ವಿಷಯ ಬಿಟ್ಟು ಬೇರೆಲ್ಲ ಮಾತಾಡಿ, ಸಾಕುಸಾಕೆನ್ನುವಷ್ಟು ಖರ್ಜೂರ ತಿನ್ನಿಸಿ ಕಳಿಸಿದರು. ಹೊಂಡದ ನೀರು ದಂಡೆಗೆ ನಾಲ್ಕು ಬೆರಳಷ್ಟು ಕೆಳಗಿತ್ತು. ಸಿ ಮೊಂಗಿ ಬೀಗ ಬೀಳುವ ಮೊದಲೇ ಬೀಗ ಬಿದ್ದವರಂತೆ ಮುಖ ಮಾಡಿಕೊಂಡು ಕೂತಿದ್ದರು. ನನಗೂ ಅಳು ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ತಮ್ಮ ಮೂಟೆಗಳನ್ನು ತಂದು ಸರಿಯಾಗಿ ಅಮ್ಮನ ಸರದಿಯ ಮುಂದೆ ಇಳಿಸಿಬಿಟ್ಟರು. ಅವರ ಕಾಯಿ ಆಡಿತು, ಹಸಿರು ಎಣ್ಣೆ ಇಳಿಯಿತು. ಅತ್ತೆ ಪದ್ಧತಿಯಂತೆ ಬಿಸಿ ರೊಟ್ಟಿಯ ಚೂರನ್ನು ಎಣ್ಣೆಗೆ ಅದ್ದಿದರು. ಮೊದಲ ತುತ್ತು ಗಾಣಕ್ಕೆ ಕಾಯಿ ಹಾಕಿದವರದು ಅಲ್ಲವೆ? ಅವರು ತಿನ್ನಲಿಲ್ಲ. ನೆಟ್ಟಗೆ ನಡೆದು ಬಂದು ಅಮ್ಮನ ಮೂಗಿನ ಮುಂದೆ ಹಿಡಿದರು. "ವಿಷ ಹಾಕಿಲ್ಲ ಕಣೇ, ತಿನ್ನು." ಇಡೀ ಊರು ನೋಡುತ್ತಿದೆ. ಹೊಸ ಎಣ್ಣೆಯ ರೊಟ್ಟಿಯನ್ನು ಬೇಡವೆನ್ನುವ ಹೆಂಗಸು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅಮ್ಮ ತಿಂದಳು. ನಿಧಾನವಾಗಿ ಅಗಿದಳು. "ಉಪ್ಪು ಕಮ್ಮಿ," ಎಂದಳು. ಅಷ್ಟರಲ್ಲಿ ಕೆಲಸದವನು ಅಭ್ಯಾಸಬಲದಿಂದ ಬಿಸಿನೀರಿನ ನಳ ತಿರುಗಿಸಲು ಹೋದ. ಅಮ್ಮ ಗದರಿದಳು: "ಏಯ್, ಬಿಡೋ! ತಿಂದ್ಮೇಲೆ ತೊಳೆಯೋದೇನು? ಅವಳು ನನ್ನ ಗಂಡನ ಅಕ್ಕ, ಹೊರಗಿನೋಳಲ್ಲ."

ಅಣ್ಣಾ, ಆ ಗದ್ದಲವನ್ನು ನೀನು ಕೇಳಬೇಕಿತ್ತು! ಹೆಂಗಸರು ಮದುವೆಮನೆಯಲ್ಲಿಯಂತೆ ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಓಲ್ಫಾ ಅತ್ತಳು, ಸೈಫ್ ಪೀಪಾಯಿಗೆ ಎಡವಿ ಬಿದ್ದ. ಅಂದಿನಿಂದ ಊರಿನವರು ತಾವಾಗಿಯೇ ಸಾಲು ಹಿಡಿದರು. ರೊಟ್ಟಿ ಅದ್ದಿ ಮುಂದಿನವರಿಗೆ ಕೊಡುವುದೇ ಹೊಸ ಪದ್ಧತಿಯಾಯಿತು. ಕತ್ತೆ ಕದ್ದವರ ಮನೆಯವರೂ, ಕಳಕೊಂಡವರ ಮನೆಯವರೂ ಹಲ್ಲು ಕಚ್ಚಿಕೊಂಡಾದರೂ ತಿಂದರು. ನೀರು ಅರ್ಧಕ್ಕಿಂತ ಕಡಿಮೆಯಾದ ಮೇಲೆ ನಮ್ಮ ಪೀಪಾಯಿಗಳಿಗೂ ಉಸಿರು ಬಂತು, ಚೆನ್ನಾಗಿ ಸೋಸಿದವು. ಸರ್ಕಾರದವರು ಬಂದರು, ಹೊಂಡಕ್ಕೆ ಕೋಲು ಇಳಿಸಿದರು, ಚಹಾ ಕುಡಿದರು, ಬೀಗವನ್ನು ಜೇಬಿನಲ್ಲೇ ಇಟ್ಟುಕೊಂಡು ಹೋದರು. ನಿನ್ನೆ ಪರೀಕ್ಷಕರ ಮುಂದೆ ಸಿ ಮೊಂಗಿಯವರೇ ಎದ್ದು ನಿಂತು, "ಈ ಮಕ್ಳು ನನ್ನ ಬೂಟು ಹಾಳು ಮಾಡಿದ್ರು, ಗಾಣ ಉಳಿಸಿದ್ರು," ಎಂದರು. ರಫೀಕಾ ಮೇಡಂ ನಕ್ಕದ್ದನ್ನು ನಾನು ಆಗಲೇ ಮೊದಲು ಕಂಡದ್ದು. ತರಗತಿಗೆ ನಾವೇ ಮೊದಲು. ಅಪ್ಪ ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡು, ಎಣ್ಣೆಯ ಘಾಟು ಎಂದರು. ನನಗೆ ಎಷ್ಟು ಹೆಮ್ಮೆಯಾಗಿದೆ ಎಂದರೆ ನೀನಿದ್ದಿದ್ದರೆ ತಲೆಗೊಂದು ಮೊಟಕುತ್ತಿದ್ದೆ.

ಹುಷಾರಾಗಿರು. ಅಪ್ಪನ ಸಲಾಮು, ಅಮ್ಮನ ದುವಾ ನಿನ್ನ ತಲೆಯ ಮೇಲಿರಲಿ. ಅಲ್ಲಾಹನು ನಿನ್ನ ಎದೆಯನ್ನು ಬೆಚ್ಚಗಿಡಲಿ.

ನಿನ್ನ ತಂಗಿ,
ರಿಹಾಬ್

ತಾ.ಕ.: ಬೇಕೆಂದೇ ಕೊನೆಗಿಟ್ಟೆ, ಬೈಯಬೇಡ. ಜನವರಿಯ ಮೊದಲ ಭಾನುವಾರ ನಿಮ್ಮ ಭೇಟಿಯ ದಿನವಂತೆ. ಅಮ್ಮನೂ ಅತ್ತೆಯೂ ಒಂದೇ ವ್ಯಾನಿನಲ್ಲಿ ಬರುತ್ತಿದ್ದಾರೆ. ಕಿಟಕಿಯ ಪಕ್ಕ ಯಾರು ಕೂರಬೇಕೆಂದು ಈಗಾಗಲೇ ಜಗಳ. ಅಪ್ಪನಿಗೆ ಅಷ್ಟು ದೂರ ಕೂರಲಾಗದು. ನನಗೆ ಅಂದು ಪಕ್ಕದೂರಿನ ಗಾಣದವರು ಬರಹೇಳಿದ್ದಾರೆ. ಆದರೂ ಅತ್ತೆ ಮೂರು ಸೀಟು ಹಿಡಿಸಿದ್ದಾರೆ. ಮೂರನೆಯ ಸೀಟಿನವಳು ಬೆಳಿಗ್ಗೆಯಿಂದ ಎರಡು ಸಲ ಬಂದು, ವ್ಯಾನು ಎಷ್ಟು ಹೊತ್ತಿಗೆ ಹೊರಡುತ್ತದೆಂದು ಕೇಳಿ ಹೋದಳು.