ಬೆನ್ನ ಹಿಂದಿನ ತಟ್ಟೆ

ಜೂನ್ 9, ಸೋಮವಾರ
ಹಿಟ್ಟು ರುಬ್ಬಿದ್ದಾಯ್ತು. ಬೆಳಿಗ್ಗೆ ಪಾಪುನ ಎತ್ಕೊಂಡು ತೇನಿ ಆಸ್ಪತ್ರೆಗೆ ಹೋಗಿದ್ವಿ. ಒಂದೂವರೆ ವರ್ಷ ಆಯ್ತು, ನಿವೇತಾ ಇನ್ನೂ ಅಮ್ಮಾ ಅಂದಿಲ್ಲ. ನರ್ಸ್ ಹಿಂದೆ ನಿಂತು "ಪಾಪಾ, ಇಂಗೆ ಪಾರು", ಇಲ್ಲಿ ನೋಡು ಅಂತ ತಮಿಳಲ್ಲಿ ಕೂಗಿದ್ಳು. ತಿರುಗಲಿಲ್ಲ. ಕಿವಿಯ ದೊಡ್ಡ ಟೆಸ್ಟಿಗೆ ಬನ್ನಿ, ತಡ ಮಾಡ್ಬೇಡಿ ಅಂದ್ರು ಡಾಕ್ಟರ್.

ವಾಪಸ್ ನಮ್ಮೂರು ಕಂಬಂವರೆಗೂ ಬಸ್ಸಲ್ಲಿ ಅತ್ತೆದು ಒಂದೇ ಮಾತು. "ಮನೇಲಿ ನಾವು ಆಡೋದು ಕನ್ನಡ. ಆ ನರ್ಸ್ ಪೊಣ್ಣು ತಮಿಳಲ್ಲಿ ಕೂಗಿದ್ರೆ ಕೂಸಿಗೆ ಏನು ತಿಳೀತದೆ?"

ಹೌದಲ್ವಾ! ಈಗ ಉಸಿರು ಬಂತು.

ಜೂನ್ 12
ಅತ್ತೆ ಪಾಪು ಬೆನ್ನ ಹಿಂದೆ ಕಂಚಿನ ತಟ್ಟೆ ಬಡಿದ್ರು. ಟಣ್ ಅನ್ನೋದಕ್ಕೂ ಅವಳು ತಿರುಗೋದಕ್ಕೂ ಸರಿಹೋಯ್ತು! ಮೂರು ಜನಾನೂ ಕೂಗಿಕೊಂಡ್ವಿ. ಇವರು ಫೋನಲ್ಲಿ ವಿಡಿಯೋ ತೆಗೆದಿದ್ದಾರೆ. ಆ ಡಾಕ್ಟರ್ ಮುಖಕ್ಕೇ ಹಿಡೀತೀನಿ. ದೊಡ್ಡ ಟೆಸ್ಟಂತೆ!

ಅಕ್ಟೋಬರ್ 2
ದಿನಾ ತಟ್ಟೆ. ದಿನಾ ತಿರುಗ್ತಾಳೆ. ಮಾತು ಮಾತ್ರ ಇಲ್ಲ… ಇವರಿಗೂ ಮೂರು ವರ್ಷಕ್ಕೇ ಮಾತು ಬಂದಿದ್ದಂತೆ.

ಜನವರಿ 17
ಪೊಂಗಲ್‌ಗೆ ದಿಂಡಿಗಲ್‌ನಿಂದ ತಂಗಿ ಜೆಯಲಕ್ಷ್ಮಿ ಬಂದಿದ್ದಾಳೆ. ಜಂಭದಿಂದ ವಿಡಿಯೋ ತೋರಿಸಿದೆ. ನೋಡಿ ಹತ್ತಿರ ಸರಿದ್ಳು. "ಅಕ್ಕಾ, ಇನ್ನೊಂದ್ಸಲ ಹಾಕು."

ಟಣ್. ಪಾಪು ಗೋಡೆ ನೋಡ್ತಾ ಇದೆ. ನೋಡ್ತಾನೇ ಇದೆ. ಆಮೇಲೆ ಗೋಡೆ ಮೇಲೆ ಅತ್ತೆ ಕೈ ನೆರಳು ಆಡ್ತು. ಆಗ ತಿರುಗಿದ್ಳು. ನಡುವೆ ಒಂದು ತುತ್ತು ಅಗಿದು ನುಂಗೋಷ್ಟು ಹೊತ್ತು!

ಆ ಹೊತ್ತು ಅವತ್ತು ಎಲ್ಲಿ ಹೋಗಿತ್ತು? ನಾನು ಅಲ್ಲೇ ಇದ್ನಲ್ಲ. ತಿರುಗ್ತಾಳೆ, ತಿರುಗ್ತಾಳೆ ಅಂತ ಕೂತಿದ್ವಿ, ಅದಕ್ಕೇ ಕಾಣಲಿಲ್ಲ. ಈಗ್ಲೂ ಕಣ್ಮುಚ್ಚಿದ್ರೆ ಟಣ್ — ತಿರುಗಿದ್ಳು. ಒಟ್ಟಿಗೇ.

ಫೋನ್ ಕೆಟ್ಟಿದೆ ಅಂದ್ರು ಅತ್ತೆ.

ಜನವರಿ 22
ದೊಡ್ಡ ಟೆಸ್ಟ್ ಆಯ್ತು. ಎರಡು ಕಿವೀನೂ ಕೇಳ್ಸಲ್ಲ. "ಜೂನಲ್ಲೇ ಬರೋಕೆ ಏನಾಗಿತ್ತಮ್ಮಾ?" ಅಂದ್ರು ಡಾಕ್ಟರ್. ಏನಂತ ಹೇಳ್ಲಿ? ನಮ್ಮನೇಲಿ ಕನ್ನಡ ಅಂತಲಾ? ಥೂ, ನನ್ನ ಬುದ್ಧಿಗಿಷ್ಟು. ಇವರು ದಾರಿಯುದ್ದಕ್ಕೂ ಬಸ್ಸಿನ ಕಿಟಕಿ ಕಡೆಗೇ ಮುಖ ಮಾಡಿ ಕೂತಿದ್ರು. ಅಳ್ತಿದ್ರು ಅನ್ಸುತ್ತೆ.

ಜನವರಿ 23, ಬೆಳಿಗ್ಗೆ
ಒಲೆ ಮೇಲೆ ಹಾಲಿಟ್ಟು ಪಾಪು ಹಿಂದೆ ಹೋಗಿ ಕೂತೆ. ಬೇಡ ಅಂದ್ರೂ ಮನಸ್ಸು ಕೇಳ್ಲಿಲ್ಲ. "ನಿವೇತಾ, ಬಾ ಕಂದಾ." ಒಂದೇ ಸಲ ಕರೆದೆ.

ತಿರುಗಿದ್ಳು! ದೇವರಾಣೆ, ಕರೆದ ತಕ್ಷಣ!

ಅತ್ತೆಗೆ ಹೇಳೋಣ ಅಂತ ಎತ್ಕೊಂಡು ಅಡುಗೆಮನೆಗೆ ಓಡಿದೆ. ತುಂಬ ಹೊಗೆ. ಪಾತ್ರೆ ತಳ ಕರ್ರಗೆ. ಒಂದು ಹನಿ ಹಾಲಿಲ್ಲ. ಹಾಗಾದ್ರೆ ಕರೆದ ಮೇಲೆ ಅವಳು ತಿರುಗೋವರೆಗೆ ನಾನು ಹಿಂದೆ ಎಷ್ಟು ಹೊತ್ತು ಕೂತಿದ್ದೆ…